ಗೋಧಿ ಬಿಯರಿನ್ಯಾಗ ಹೊಗಿ ಎಲ್ಲಿಂದ ಬಂತು?

ದೇವದುರ್ಗ, ಮಾನ್ವಿ ಕಡಿ ಹೊಲದಾಗ ಕುಂತು, ಎಳೀ ಜೋಳದ ತೆನಿ ಕೆಂಡದಾಗ ಸುಟ್ಟು ಸೀತನಿ ತಿಂದೀರೇನ್ರಿ? ಹಂಗಿದ್ರ ಈ ಬಿಯರಿನ ವಾಸನಿ ನಿಮಗ ಅರ್ಧ ಗೊತ್ತಿದ್ದಂಗ.

ಹೆಸರು ಗ್ರೊಜೀಸ್ಕೆ. ಪೋಲೆಂಡಿನ ಗ್ರೊಜಿಸ್ಕ್ ಊರಿಂದು.

ಬಿಯರ್ ಅಂದ್ರ ಸಾಮಾನ್ಯವಾಗಿ ಬಾರ್ಲಿ. ಇದಕ್ಕ ಬರೀ ಗೋಧಿ. ನೆನಿಸಿ, ಮೊಳಕಿ ಬರಿಸಿ, ಓಕ್ ಕಟ್ಟಿಗಿ ಹೊಗಿಯೊಳಗ ಒಣಗಿಸ್ತಾರ. ಹೊಗಿ ಕಾಳಿನ್ಯಾಗ ಕುಂತುಬಿಡ್ತದ, ಆಮ್ಯಾಲ ಕುದಿಸಿದ್ರೂ ಹೋಗಂಗಿಲ್ಲ.

ಗ್ಲಾಸಿಗೆ ಹಾಕಿದ್ರ ತಿಳಿ ಹಳದಿ, ಮ್ಯಾಲ ದಪ್ಪನ ಬಿಳಿ ನೊರಿ. ಮೂಗಿಗೆ ಮೊದಲು ಹೊಗಿ ಬಡೀತದ. ಬಾಯಾಗ ತೆಳ್ಳಗ, ಕಡೀಗೆ ಹಾಪ್ಸ್ ಹೂವಿನ ಕಹಿ. ಹುಳಿ ಇಲ್ಲ. ಗುಳ್ಳಿ ಭಾಳ, ಅದಕ್ಕ ‘ಪೋಲೆಂಡಿನ ಶಾಂಪೇನ್’ ಅಂತಾರ.

ಆಲ್ಕೋಹಾಲ್ ಎಷ್ಟು? ಶೇ. 3ರ ಆಸುಪಾಸು. ನಮ್ಮ ಕಡಿ ಸ್ಟ್ರಾಂಗ್ ಬಿಯರಿನ್ಯಾಗ ಶೇ. 8ರ ತನಕ ಇರ್ತದ. ನಿಶಾ ಏರಲಿ ಅಂತ ಸೇಂದಿಗೆ ಸಿಎಚ್ ಪೌಡರ್ (ಕ್ಲೋರಲ್ ಹೈಡ್ರೇಟ್) ಕಲಸಿ ಜೀವಕ್ಕ ಕುತ್ತು ತಂದ ಜಿಲ್ಲಾ ನಮ್ಮದು. ರಾಯಚೂರು ಬಿಸಲಿಗೆ ಇಂಥಾ ಹಗುರಂದೇ ಸರಿ ಅಂತೀನಿ ನಾನು.

1993ರಾಗ ಗ್ರೊಜಿಸ್ಕ್ ಊರಿನ ಬಿಯರ್ ಕಾರ್ಖಾನಿ ಬಂದಾತು. ಮನ್ಯಾಗ ಬಿಯರ್ ಮಾಡೋ ಹವ್ಯಾಸಿಗಳು ಹಳೀ ರುಚಿ ಹುಡುಕಿ ತಗದ್ರು. 2015ರಾಗ ಅದೇ ಊರಾಗ ಕಾರ್ಖಾನಿ ಮತ್ತ ಚಾಲೂ ಆತು.