ದಾಸೋಹದ ಪಾಕಶಾಲೆಯಲ್ಲಿ ಋತುಮಾನದ ಅಡುಗೆ

ಹೊಯ್ಸಳರ ಕಾಲದ ದಾನಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ದೇವರ ನೈವೇದ್ಯಕ್ಕಾಗಲಿ, ತಪೋಧನರ ಆಹಾರದಾನಕ್ಕಾಗಲಿ ದತ್ತಿ ಬಿಟ್ಟಾಗ ಶಾಸನಕಾರನು ಪುಣ್ಯದ ಮಾತಿನಿಂದಲೇ ತೃಪ್ತನಾಗುವುದಿಲ್ಲ. ಯಾವ ಕೆರೆಯ ಕೆಳಗಿನ ಗದ್ದೆ, ಎಷ್ಟು ಬೆದ್ದಲು, ಅದರ ಎಲ್ಲೆಗಳಾವುವು ಎಂಬುದನ್ನೂ ಕಲ್ಲಿನಲ್ಲಿ ಕಂಡರಿಸುತ್ತಾನೆ. ಅನ್ನದೊಂದಿಗೆ ಅದು ಬೆಳೆದ ನೆಲದ ಗುರುತೂ ಉಳಿದು ಬರುತ್ತಿತ್ತು. 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನೂ, 1220ರಲ್ಲಿ ಅರಸೀಕೆರೆಯ ಈಶ್ವರನನ್ನೂ ಪ್ರತಿಷ್ಠಾಪಿಸಿದ ಈ ಸೀಮೆಯಲ್ಲಿ ಆ ಗುರುತು ಇಂದು ಮಾಸುತ್ತಿದೆ. ಅನೇಕ ವಿದ್ಯಾರ್ಥಿನಿಲಯಗಳ ಉಗ್ರಾಣಕ್ಕೆ ಬಂದಿಳಿಯುವ ಧಾನ್ಯ ಯಾವ ಊರಿನದೆಂಬುದನ್ನು ಅಡುಗೆಯವರೂ ಅರಿಯರು, ಉಣ್ಣುವ ಮಕ್ಕಳೂ ಅರಿಯರು. ದಾಸೋಹದ ಅನ್ನಕ್ಕೂ ಸುತ್ತಲ ಹೊಲಕ್ಕೂ ಇದ್ದ ನಂಟನ್ನು ಮತ್ತೆ ಬೆಸೆಯಬೇಕೆಂಬುದೇ ಇಲ್ಲಿನ ವಿಚಾರ.

ಈ ಪ್ರದೇಶ ಅಡುಗೆಯ ದೃಷ್ಟಿಯಿಂದ ಬಹು ಸಂಪನ್ನವಾದುದು. ಅರಸೀಕೆರೆ ಬಯಲುಸೀಮೆ, ಅಲ್ಲಿ ರಾಗಿ, ಹುರಳಿ, ತೆಂಗುಗಳದೇ ಪ್ರಾಧಾನ್ಯ. ಬಾಣಾವರ, ಜಾವಗಲ್ಲುಗಳನ್ನು ದಾಟಿ ಹಳೇಬೀಡಿಗೆ ಬಂದು, ಅಲ್ಲಿಂದ 16 ಕಿಲೋಮೀಟರು ನಡೆದರೆ ಯಗಚಿಯ ದಡದ ಬೇಲೂರು. ಅದರಾಚೆಗೆ ಮಲೆನಾಡಿನ ಭತ್ತದ ಗದ್ದೆ, ಕಾಫಿಯ ತೋಟ. ಹೀಗೆ ಮುದ್ದೆ–ಬಸ್ಸಾರುಗಳ ನಾಡೂ, ಅಕ್ಕಿರೊಟ್ಟಿ–ಕಡುಬುಗಳ ನಾಡೂ ಒಂದೇ ದಿನದ ಪ್ರಯಾಣದೊಳಗೆ ಸೇರಿಕೊಂಡಿವೆ.

ಇಲ್ಲಿನ ಊಟದ ಮೂಲತತ್ತ್ವ ಅಡಗಿರುವುದು ಅಕ್ಕಡಿ ಬೇಸಾಯದಲ್ಲಿ. ಮುಂಗಾರಿನಲ್ಲಿ ರಾಗಿ ಬಿತ್ತುವ ರೈತ ಕೆಲವು ಸಾಲುಗಳಿಗೊಮ್ಮೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳನ್ನು ಬಿಡುತ್ತಾನೆ. ಮಳೆ ಕೈಕೊಟ್ಟು ಒಂದು ಬೆಳೆ ಸೋತರೂ ಇನ್ನೊಂದು ಕೈ ಹಿಡಿಯುತ್ತದೆ. ಅವರೆ ತೊಗರಿಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸಾರ ಕೊಡುತ್ತವೆ. ಹುಚ್ಚೆಳ್ಳಿನ ಹೂವು ಜೇನನ್ನು ಕರೆಯುತ್ತದೆ. ಹೊಲದ ಈ ಕೂಟವೇ ತಟ್ಟೆಯಲ್ಲಿಯೂ ಕೂಡುತ್ತದೆ. ಧಾನ್ಯಗಳಲ್ಲಿ ಕೊರತೆಯಾದ ಲೈಸಿನ್ ಎಂಬ ಸಸಾರಜನಕದ ಅಂಶವನ್ನು ಕಾಳುಗಳು ತುಂಬಿಕೊಡುತ್ತವೆ. ಕಾಳುಗಳಲ್ಲಿ ಕಡಮೆಯಾದ ಮೆಥಿಯೊನಿನ್ ರಾಗಿಯಿಂದ ದೊರೆಯುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮಿಗಿಲಾಗಿ ಸುಣ್ಣದ ಅಂಶವಿದ್ದರೆ, ಅಷ್ಟೇ ಬಿಳಿಯ ಅಕ್ಕಿಯಲ್ಲಿ ಅದು ಸುಮಾರು 10 ಮಿಲಿಗ್ರಾಂ ಮಾತ್ರ. ಬೆಳೆಯುವ ಮಕ್ಕಳ ಎಲುಬಿಗೆ ಇದಕ್ಕಿಂತ ಸುಲಭವಾದ ಆಧಾರ ಈ ನೆಲದಲ್ಲಿ ಮತ್ತೊಂದಿಲ್ಲ.

ಋತುಚಕ್ರ ತಾನೇ ಅಡುಗೆಯ ಪಟ್ಟಿಯನ್ನು ಬರೆದಿಟ್ಟಿದೆ. ಮಳೆಗಾಲದಲ್ಲಿ ಹೊಲದ ಬದುಗಳಲ್ಲಿ ಅಣ್ಣೆ, ಹೊನಗೊನೆ, ಕಿರುಕೀರೆಗಳು ಚಿಗುರುತ್ತವೆ. ಬೆರಕೆ ಸೊಪ್ಪಿನ ಸಾರಿಗೆ ಅದೇ ಕಾಲ. ಬೇಲೂರಿನ ಪಶ್ಚಿಮಕ್ಕೆ ಅದು ಕೆಸುವಿನ ಮತ್ತು ಕಳಲೆಯ ಕಾಲವೂ ಹೌದು. ಮಾರ್ಗಶಿರ–ಪುಷ್ಯಗಳ ಇಬ್ಬನಿಯಲ್ಲಿ ಅವರೆಯ ಸೊಗಡು. ಹಿತಕಿದ ಬೇಳೆಯ ಸಾರಿಗೆ ಸಮನಾದ ರುಚಿ ಬೇರಾವ ತಿಂಗಳಲ್ಲಿಯೂ ಸಿಗದು. ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ. ಚಳಿಗೆ ಒಡೆಯುವ ಮೈಗೆ ಜಿಡ್ಡಿನ ಆಹಾರ. ಯುಗಾದಿಯ ಬಿಸಿಲಿಗೆ ಮಾವಿನಕಾಯಿ, ಹೆಸರುಬೇಳೆಯ ಕೋಸಂಬರಿ, ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ.

ಹಿರಿಯರ ಅಡುಗೆಯ ಕ್ರಮದಲ್ಲಿಯೂ ವಿಜ್ಞಾನಕ್ಕೆ ಸಮ್ಮತವಾದ ವಿವೇಕವಿದೆ. ಸೊಪ್ಪನ್ನು ಬೇಯಿಸಿದಾಗ ನೀರಿನಲ್ಲಿ ಕರಗುವ ಜೀವಸತ್ವಗಳು ಆ ನೀರಿಗೆ ಇಳಿಯುತ್ತವೆ. ಬಸ್ಸಾರಿನಲ್ಲಿ ಬಸಿದ ನೀರು ಸಾರಾಗುತ್ತದೆ, ಸೊಪ್ಪು ಪಲ್ಯವಾಗುತ್ತದೆ. ಚೆಲ್ಲುವುದು ಏನೂ ಇಲ್ಲ. ಹುರಳಿ, ರಾಗಿಗಳನ್ನು ಮೊಳಕೆ ಕಟ್ಟಿದರೆ ಕಬ್ಬಿಣಾಂಶವನ್ನು ಬಿಗಿಹಿಡಿಯುವ ಫೈಟಿಕ್ ಆಮ್ಲ ತಗ್ಗುತ್ತದೆ. ಮೇಲೊಂದು ಹೋಳು ನಿಂಬೆಯ ಹುಳಿ ಬಿದ್ದರೆ ಆ ಕಬ್ಬಿಣ ಇನ್ನಷ್ಟು ಮೈಗೂಡುತ್ತದೆ. ಕೆಸುವಿಗೆ ಹುಣಿಸೆಹಣ್ಣು ಬಿಡುವುದು ತುರಿಕೆ ತಗ್ಗಿಸಲು. ಕಳಲೆಯನ್ನು ಹೆಚ್ಚಿ ದಿನವೂ ನೀರು ಬದಲಿಸಿ ನೆನೆಹಾಕಿ ಬೇಯಿಸುವುದು ಅದರೊಳಗಿನ ವಿಷಾಂಶ ಕಳೆಯಲು. ಈ ಕ್ರಮವನ್ನರಿಯದೆ ಕೇವಲ ‘ಸ್ಥಳೀಯ’ವೆಂಬ ಅಭಿಮಾನದಿಂದ ಅಡುಗೆಗೆ ತೊಡಗುವುದು ಸಲ್ಲದು.

ಆದರೆ ಅಕ್ಕಡಿಯ ಸಾಲುಗಳು ಇಂದು ಅಳಿಯುತ್ತಿವೆ. ಮೆಕ್ಕೆಜೋಳ, ಶುಂಠಿಗಳು ಹೊಲಗಳನ್ನು ಆವರಿಸಿವೆ. ರಾಗಿ ಉಳಿದ ಕಡೆಯಲ್ಲಿಯೂ ಯಂತ್ರದ ಕೊಯ್ಲಿಗೆ ಅಡ್ಡಿಯೆಂದು ನಡುವಣ ಸಾಲುಗಳನ್ನು ಬಿತ್ತದೆ ಬಿಡುವುದುಂಟು. ರಾಗಿಗೆ ಸರಕಾರದ ಬೆಂಬಲ ಬೆಲೆಯಿದೆ. ಮನೆಯಂಗಳದ ಒಂದೆರಡು ಸೇರು ಹುಚ್ಚೆಳ್ಳನ್ನು, ಅವರೆಯನ್ನು ಕೇಳುವವರಿಲ್ಲ. ಉಣ್ಣುವವರಿಲ್ಲದ ಬೆಳೆಯನ್ನು ಯಾವ ರೈತನೂ ಬಹುಕಾಲ ಬಿತ್ತಲಾರ. ಕರ್ನಾಟಕ ಸರಕಾರ 2004ರಲ್ಲಿಯೇ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ನೀತಿ ಆಚರಣೆಗಳು ಬೇಕು. ಅವುಗಳ ಸಫಲತೆ ಮಾತ್ರ ನಿತ್ಯದ ಒಲೆಯ ಮೇಲೆ ನಿಂತಿದೆ.

ಈ ದಿಕ್ಕಿನಲ್ಲಿ ಮಠಗಳ ಪಾಕಶಾಲೆಗಳಿಗಿರುವ ಶಕ್ತಿ ಅಲ್ಪವಲ್ಲ. ನೂರಾರು ಮಕ್ಕಳು ಒಟ್ಟಿಗೆ ಉಣ್ಣುವ ಪಂಕ್ತಿ ಒಂದು ಸಣ್ಣ ಮಾರುಕಟ್ಟೆಯೇ ಸರಿ. ಕಾಯಕದ ಫಲವನ್ನು ಸಮಾಜಕ್ಕೆ ಸಲ್ಲಿಸುವುದೇ ದಾಸೋಹವೆಂದು ಶರಣರು ತಿಳಿದರು. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳ ಮಠದಲ್ಲಿ ಸಹಸ್ರಾರು ಮಕ್ಕಳ ದಾಸೋಹಕ್ಕೆ ಹಳ್ಳಿಗಳ ರೈತರು ತಮ್ಮ ಸುಗ್ಗಿಯ ಪಾಲನ್ನು ತಂದೊಪ್ಪಿಸುತ್ತ ಬಂದದ್ದು ನಾಡಿಗೇ ತಿಳಿದ ವಿಷಯ. ದಾನಿಗಳು ಹಣದ ಜೊತೆಗೆ ತಮ್ಮ ಹೊಲದ ಅಕ್ಕಡಿಯ ಒಂದು ಚೀಲವನ್ನು ಊರ ಹೆಸರು ಬರೆದು ಕಳುಹಿಸಬಹುದು. ಹಳೆಯ ವಿದ್ಯಾರ್ಥಿಗಳಲ್ಲಿ ಬೇಸಾಯದಲ್ಲಿರುವವರು ರಾಸಾಯನಿಕ ಬಳಸದೆ ಬೆಳೆದ ಕಾಳು ಸೊಪ್ಪುಗಳನ್ನು ನ್ಯಾಯವಾದ ಬೆಲೆಗೆ ಒದಗಿಸಬಹುದು. ಶಾಲೆಯ ಬಚ್ಚಲ ನೀರು ಹರಿಯುವಲ್ಲಿ ನುಗ್ಗೆ, ಕರಿಬೇವು, ಬಸಳೆಗಳನ್ನು ಮಕ್ಕಳಿಂದಲೇ ನೆಡಿಸಲು ಅಧ್ಯಾಪಕರಿಗೆ ಅಪ್ಪಣೆ ಬೇಕಿಲ್ಲ.

ಅಡಚಣೆಗಳು ಇಲ್ಲದಿಲ್ಲ. ಅರಸೀಕೆರೆಯ ಕಡೆ ಬರಗಾಲ ಹೊಸದಲ್ಲ. ಎಲ್ಲ ವರ್ಷವೂ ಎಲ್ಲವೂ ಸುತ್ತಲಲ್ಲೇ ದೊರೆಯದು. ಹಿಂದಿನವರು ಅದಕ್ಕಾಗಿಯೇ ರಾಗಿಯನ್ನು ಹಗೇವುಗಳಲ್ಲಿ ವರ್ಷಗಟ್ಟಲೆ ಕಾಪಿಟ್ಟರು. ಹುಳು ಬೇಗ ತಾಗದ ಆ ಧಾನ್ಯವನ್ನು ಒಳ್ಳೆಯ ವರ್ಷದಲ್ಲಿ ಕೂಡಿಟ್ಟು ಕೆಟ್ಟ ವರ್ಷವನ್ನು ದಾಟುವುದು ಇಂದಿಗೂ ಸಾಧ್ಯ. ಕೊರತೆ ಬಿದ್ದದ್ದನ್ನು ಹೊರಗಿನಿಂದ ತರುವುದರಲ್ಲಿ ತಪ್ಪೇನೂ ಇಲ್ಲ. ಮನೆಯ ಮುಂದೆ ಬೆಳೆದುದನ್ನು ಬಿಟ್ಟು ಹೊರಗಿನದನ್ನೇ ನೆಚ್ಚುವುದು ಸರಿಯಲ್ಲ.

ಪಂಕ್ತಿಯಲ್ಲಿ ಕುಳಿತ ಬಾಲಕನೊಬ್ಬನು ತನ್ನ ತಟ್ಟೆಯ ಅವರೆ ಜಾವಗಲ್ಲಿನದೋ ಹಾರನಹಳ್ಳಿಯದೋ ಎಂದು ಕೇಳಿದಾಗ ಬಡಿಸುವವರು ಊರಿನ ಹೆಸರು ಹೇಳುವಂತಾಗಬೇಕು. ಆಗ ಮುಂದಿನ ಮುಂಗಾರಿನಲ್ಲಿಯೂ ಆ ಊರಿನ ಹೊಲದಲ್ಲಿ ಅಕ್ಕಡಿಯ ಸಾಲು ಬೀಳುತ್ತದೆ.