ಮಕ್ಕಳ ಓಟಕ್ಕೆ ದೊಡ್ಡವರ ಗಡಿಯಾರ ಬೇಡ

ಮಕ್ಕಳು ಓಡುವ ರೀತಿಯೇ ಬೇರೆ. ಒಂದಷ್ಟು ದೂರ ಬಾಣದಂತೆ ಓಡುತ್ತಾರೆ, ಗಕ್ಕನೆ ನಿಲ್ಲುತ್ತಾರೆ, ಉಸಿರು ತಹಬಂದಿಗೆ ಬರುವ ಮೊದಲೇ ಮತ್ತೆ ಓಡುತ್ತಾರೆ. ಒಂದೇ ವೇಗದಲ್ಲಿ ಅರ್ಧ ಗಂಟೆ ಓಡುವುದು ದೊಡ್ಡವರ ಅಭ್ಯಾಸ. ಈ ವ್ಯತ್ಯಾಸ ಬರೀ ಚಂಚಲತೆಯಿಂದ ಬಂದದ್ದಲ್ಲ, ಮೈಯೇ ಹಾಗಿದೆ. ಮಗುವಿನ ಹೆಜ್ಜೆ ಚಿಕ್ಕದು. ಹಾಗಾಗಿ ಅಷ್ಟೇ ವೇಗದಲ್ಲಿ ಓಡಲು, ತೂಕದ ಲೆಕ್ಕದಲ್ಲಿ ನೋಡಿದರೆ, ಅದಕ್ಕೆ ದೊಡ್ಡವರಿಗಿಂತ ಹೆಚ್ಚು ಆಮ್ಲಜನಕ ಬೇಕು. ಚಿಕ್ಕ ಓಟದ ನಂತರ ಚೇತರಿಸಿಕೊಳ್ಳುವುದರಲ್ಲಿ ಮಾತ್ರ ಮಕ್ಕಳು ದೊಡ್ಡವರನ್ನು ಸುಲಭವಾಗಿ ಮೀರಿಸುತ್ತಾರೆ. ಮಕ್ಕಳಿಗೆ ಓಟ ಕಲಿಸುವವರು ಮೊದಲು ಮಾಡಬೇಕಾದದ್ದು ಈ ಸಹಜ ರೀತಿಯನ್ನು ಕೆಡಿಸದಿರುವುದು.

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಸಬೇಕು, ವಾರದಲ್ಲಿ ಕನಿಷ್ಠ 3 ದಿನ ಏದುಸಿರು ಬರುವಂಥ ಚಟುವಟಿಕೆ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಈ 60 ನಿಮಿಷ ಒಟ್ಟಿಗೇ ಬರಬೇಕೆಂದೇನೂ ಇಲ್ಲ, ಎಲ್ಲವೂ ಓಟವೇ ಆಗಬೇಕೆಂದೂ ಇಲ್ಲ. ಜೂಟಾಟ, ಕೆರೆ-ದಡ, ಲಗೋರಿ, ಖೊಖೊ ಆಡುವ ಮಗು ಓಟದ ಪಾಠವನ್ನೇ ಕಲಿಯುತ್ತಿರುತ್ತದೆ. ಹಠಾತ್ತಾಗಿ ವೇಗ ಪಡೆಯುವುದು, ದಿಕ್ಕು ಬದಲಿಸುವುದು, ಬೀಳದೆ ನಿಲ್ಲುವುದು, ಎಲ್ಲವೂ ಅದರಲ್ಲಿವೆ. ಆರೇಳು ವರ್ಷದ ತನಕ ಇದಕ್ಕಿಂತ ಹೆಚ್ಚಿನ ತರಬೇತಿ ಬೇಕಿಲ್ಲ. ಆ ವಯಸ್ಸಿನವರನ್ನು ಬೆಳಗಿನ ಜಾವ ಎಬ್ಬಿಸಿ ಮೈದಾನದ ಸುತ್ತು ಹಾಕಿಸುವುದರಿಂದ ಆಗುವ ಲಾಭ ಕಡಿಮೆ, ಓಟವೆಂದರೆ ಬೇಸರ ಹುಟ್ಟುವ ಸಂಭವ ಹೆಚ್ಚು. ಶಾಲೆಯಲ್ಲಿ ತಡವಾಗಿ ಬಂದವರಿಗೆ ‘ಗ್ರೌಂಡ್ ನಾಲ್ಕು ರೌಂಡ್’ ಎಂದು ಶಿಕ್ಷೆ ಕೊಡುವುದು ಇನ್ನೂ ಕೆಟ್ಟದ್ದು. ಓಟವನ್ನು ದಂಡವನ್ನಾಗಿ ಮಾಡಿದ ಮೇಲೆ ಅದನ್ನು ಪ್ರೀತಿಸು ಎಂದರೆ ಮಗು ಹೇಗೆ ಪ್ರೀತಿಸೀತು?

ಸ್ಕಾಟ್ಲೆಂಡ್‌ನ ಸ್ಟರ್ಲಿಂಗ್ ಊರಿನ ಒಂದು ಪ್ರಾಥಮಿಕ ಶಾಲೆಯಲ್ಲಿ 2012ರಲ್ಲಿ ಆರಂಭವಾದ ‘ಡೈಲಿ ಮೈಲ್’ ಇಲ್ಲಿ ಗಮನಿಸಬೇಕಾದ ಪ್ರಯೋಗ. ಮುಖ್ಯ ಶಿಕ್ಷಕಿ ಎಲೇನ್ ವೈಲಿ ತಮ್ಮ ಶಾಲೆಯ ಮಕ್ಕಳಿಗೆ ಕಸುವಿಲ್ಲ ಎಂಬುದನ್ನು ಕಂಡು, ದಿನಕ್ಕೊಮ್ಮೆ 15 ನಿಮಿಷ ಎಲ್ಲರನ್ನೂ ಹೊರಗೆ ಬಿಟ್ಟರು. ಬಟ್ಟೆ ಬದಲಿಸುವ ಗೊಡವೆಯಿಲ್ಲ, ಸ್ಪರ್ಧೆಯಿಲ್ಲ, ಓಡಲಾಗದಿದ್ದರೆ ನಡೆಯಬಹುದು, ಗೆಳೆಯರೊಂದಿಗೆ ಹರಟಬಹುದು. ಹಾಗೆ ಮಾಡಿದರೂ ಹೆಚ್ಚಿನ ಮಕ್ಕಳು ಸುಮಾರು ಒಂದು ಮೈಲಿ, ಅಂದರೆ 1.6 ಕಿ.ಮೀ. ಮುಗಿಸುತ್ತಿದ್ದರು. ನಂತರ ನಡೆದ ಅಧ್ಯಯನದಲ್ಲಿ ಡೈಲಿ ಮೈಲ್ ಓಡಿದ ಮಕ್ಕಳ ದೈಹಿಕ ಸಾಮರ್ಥ್ಯ ಸುಧಾರಿಸಿದ್ದು ಕಂಡುಬಂತು, ಈ ಕ್ರಮ ಬೇರೆ ದೇಶಗಳಿಗೂ ಹಬ್ಬಿತು. ಖರ್ಚಿಲ್ಲದ ಈ ವಿಧಾನಕ್ಕೆ ಬೇಕಾದದ್ದು ಒಂದಿಷ್ಟು ಬಯಲು ಮತ್ತು ಪಾಠದ ನಡುವೆ ಕಾಲು ಗಂಟೆ ಬಿಟ್ಟುಕೊಡುವ ಮನಸ್ಸು.

ಎಂಟು-ಹತ್ತು ವರ್ಷದ ಮಗು ತಾನಾಗಿ ಆಸಕ್ತಿ ತೋರಿಸಿದರೆ ವಾರಕ್ಕೆ ಎರಡು ಮೂರು ದಿನ, ಒಂದೆರಡು ಕಿಲೋಮೀಟರ್‌ನಷ್ಟು ಓಟ-ನಡಿಗೆ ಸಾಕು. ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂದು ಶುರುಮಾಡಿ, ನಡಿಗೆಯನ್ನು ನಿಧಾನವಾಗಿ ಕಡಿಮೆ ಮಾಡಬಹುದು. ವೇಗ ಸರಿಯಿದೆಯೇ ಎಂದು ತಿಳಿಯಲು ವಾಚು ಬೇಕಿಲ್ಲ. ಓಡುತ್ತಲೇ ಒಂದು ಪೂರ್ತಿ ವಾಕ್ಯ ಮಾತಾಡಲು ಬಂದರೆ ವೇಗ ಸರಿಯಾಗಿದೆ, ಮಾತು ತುಂಡು ತುಂಡಾದರೆ ಹೆಚ್ಚಾಯಿತು. ಓಟಕ್ಕೆ ಮುಂಚೆ ಐದು ನಿಮಿಷ ಬಿರುಸಿನ ನಡಿಗೆ, ಮಂಡಿ ಎತ್ತಿ ಹೆಜ್ಜೆ ಹಾಕುವುದು, ಕುಪ್ಪಳಿಸುವುದು ಇದ್ದರೆ ಮೈ ಬಿಸಿಯಾಗುತ್ತದೆ. ಊಟವಾದ ಕೂಡಲೇ ಓಡಿದರೆ ಪಕ್ಕೆ ಹಿಡಿದುಕೊಳ್ಳುತ್ತದೆ, ಎರಡು ಗಂಟೆ ಬಿಡುವುದು ಒಳ್ಳೆಯದು.

ದೂರದ ವಿಷಯಕ್ಕೆ ಬಂದರೆ ಎಚ್ಚರ ಹೆಚ್ಚಬೇಕು. ಬ್ರಿಟನ್ನಿನ ರಸ್ತೆ ಓಟಗಳ ನಿಯಮದಂತೆ 5 ಕಿ.ಮೀ. ಸ್ಪರ್ಧೆಗೆ 11 ವರ್ಷ, 10 ಕಿ.ಮೀ.ಗೆ 15, ಹಾಫ್ ಮ್ಯಾರಥಾನ್‌ಗೆ 17 ತುಂಬಿರಬೇಕು. ಪೂರ್ಣ ಮ್ಯಾರಥಾನ್‌ಗೆ 18. ಮ್ಯಾರಥಾನ್ ವೈದ್ಯಕೀಯ ನಿರ್ದೇಶಕರ ಅಂತರರಾಷ್ಟ್ರೀಯ ಸಂಘ ಹೇಳುವುದೂ 18 ವರ್ಷವೇ. ಈ ಮಿತಿಗಳ ಅಗತ್ಯವನ್ನು ಭಾರತಕ್ಕೆ ನೆನಪಿಸಿದ್ದು ಒಡಿಶಾದ ಬುಧಿಯಾ ಸಿಂಗ್‌ನ ಪ್ರಕರಣ. 2006ರ ಮೇ ತಿಂಗಳಲ್ಲಿ, ಇನ್ನೂ ನಾಲ್ಕು ವರ್ಷದ ಆ ಹುಡುಗ ಪುರಿಯಿಂದ ಭುವನೇಶ್ವರದತ್ತ ಸುಮಾರು 65 ಕಿ.ಮೀ. ಓಡಿ ಕುಸಿದ. ದೇಶ ಅಚ್ಚರಿಪಟ್ಟಿತು, ಪತ್ರಿಕೆಗಳು ಹೊಗಳಿದವು. ಕೊನೆಗೆ ಸರ್ಕಾರವೇ ಮಧ್ಯೆ ಬಂದು ಅವನ ದೂರದ ಓಟಗಳನ್ನು ನಿಲ್ಲಿಸಬೇಕಾಯಿತು. ಆ ಮಗು ಓಡಬಲ್ಲದು ಎಂಬುದರಲ್ಲಿ ಸಂಶಯವಿರಲಿಲ್ಲ. ಅದನ್ನು ಅಷ್ಟು ಓಡಿಸಬಹುದೇ ಎಂಬ ಪ್ರಶ್ನೆಯನ್ನು ಚಪ್ಪಾಳೆ ತಟ್ಟಿದವರು ಸಕಾಲದಲ್ಲಿ ಕೇಳಲಿಲ್ಲ.

ಎಲುಬಿನ ಬೆಳವಣಿಗೆ ಈ ಎಚ್ಚರದ ಮುಖ್ಯ ಕಾರಣ. ಕೈಕಾಲಿನ ಉದ್ದ ಎಲುಬುಗಳ ತುದಿಯ ಹತ್ತಿರ ಮೃದ್ವಸ್ಥಿಯ ಪಟ್ಟಿಗಳಿರುತ್ತವೆ, ಎಲುಬು ಉದ್ದವಾಗುವುದು ಅಲ್ಲಿಯೇ. ಬೆಳವಣಿಗೆ ಮುಗಿಯುವ ತನಕ ಆ ಭಾಗ ಸುತ್ತಲಿನ ಎಲುಬಿಗಿಂತ, ಸ್ನಾಯುರಜ್ಜುಗಳಿಗಿಂತ ದುರ್ಬಲ. ಹತ್ತರಿಂದ ಹದಿನೈದರ ನಡುವೆ ಮಗು ದಿಢೀರನೆ ಎತ್ತರವಾಗುವಾಗ ಎಲುಬು ಮೊದಲು ಬೆಳೆದು ಸ್ನಾಯು ಹಿಂದೆ ಬೀಳುತ್ತದೆ, ಸ್ನಾಯುರಜ್ಜು ಎಲುಬನ್ನು ಜಗ್ಗುತ್ತದೆ. ಹಿಮ್ಮಡಿಯ ಹಿಂಭಾಗದಲ್ಲಿ ನೋವು ಬಂದರೆ ಅದು ಬಹುಮಟ್ಟಿಗೆ ‘ಸೀವರ್ಸ್’ ಎಂಬ ತೊಂದರೆ, ಮಂಡಿಚಿಪ್ಪಿನ ಕೆಳಗೆ ಗಂಟಿನಂತೆ ಊದಿ ನೋಯುತ್ತಿದ್ದರೆ ‘ಆಸ್‌ಗುಡ್-ಶ್ಲಾಟರ್’. ಹೆಸರು ಕೇಳಿ ಹೆದರಬೇಕಿಲ್ಲ. ಓಟ ಕಡಿಮೆ ಮಾಡಿ, ಐಸ್ ಇಟ್ಟು, ಮೀನಖಂಡ ಮತ್ತು ತೊಡೆಯ ಸ್ನಾಯುಗಳನ್ನು ಹಿಗ್ಗಿಸುವ ವ್ಯಾಯಾಮ ಮಾಡಿದರೆ ಸಾಮಾನ್ಯವಾಗಿ ಇಳಿಯುತ್ತವೆ. ‘ಸ್ವಲ್ಪ ನೋವು ತಡೆದುಕೋ’ ಎಂದು ಓಡಿಸುವುದೇ ಅಪಾಯ. ನೋವಿನಿಂದ ಓಟದ ಭಂಗಿ ಬದಲಾದರೆ, ಕುಂಟಿದರೆ, ರಾತ್ರಿ ನೋವಿನಿಂದ ಎಚ್ಚರವಾದರೆ ವೈದ್ಯರ ಬಳಿ ಹೋಗಬೇಕು. ಓಡುವಾಗ ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆಯಿಂದ ತೀರಿಕೊಂಡವರಿದ್ದರೆ ತಪಾಸಣೆಯಾಗುವ ತನಕ ಓಟ ನಿಲ್ಲಿಸಬೇಕು. ಆಸ್ತಮಾ ಇರುವ ಮಕ್ಕಳು ಮಾತ್ರ ಓಟದಿಂದ ದೂರ ಉಳಿಯಬೇಕಿಲ್ಲ. ವೈದ್ಯರು ಹೇಳಿದ ಇನ್‌ಹೇಲರ್ ಜೊತೆಗಿದ್ದರೆ ಅವರೂ ಓಡಬಹುದು.

ಬಿಸಿಲು ಮಕ್ಕಳಿಗೆ ಬೇಗ ತಟ್ಟುತ್ತದೆ. ಮೈತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತಾರ ಹೆಚ್ಚು, ಬೆವರುವುದು ಕಡಿಮೆ. ಗಾಳಿ ಮೈಗಿಂತ ಬಿಸಿಯಾದಾಗ ಆ ಕಾವನ್ನು ಮೈ ಹೀರಿಕೊಳ್ಳುತ್ತದೆ. ಕಲಬುರಗಿ, ರಾಯಚೂರಿನಂಥ ಕಡೆ ಬೇಸಿಗೆಯಲ್ಲಿ ಬೆಳಗ್ಗೆ ಎಂಟರ ಒಳಗೆ ಓಟ ಮುಗಿಸುವುದು ಕ್ಷೇಮ. ನೀರನ್ನು ಬಾಯಾರಿಕೆಗೆ ಕಾಯದೆ ನಡುನಡುವೆ ಕುಡಿಸಬೇಕು. ಮಕ್ಕಳ ಚಿಕ್ಕ ಓಟಕ್ಕೆ ಅಂಗಡಿಯ ಸ್ಪೋರ್ಟ್ಸ್ ಡ್ರಿಂಕ್ ಬೇಕಾಗುವುದಿಲ್ಲ, ನೀರು, ಮಜ್ಜಿಗೆ ಸಾಕು. ಊಟದಲ್ಲಿ ರಾಗಿ, ಬೇಳೆ, ಸೊಪ್ಪು, ಮೊಟ್ಟೆ, ಹಾಲು, ಕಡಲೆಕಾಯಿ ಇದ್ದರೆ ಪುಡಿ ಡಬ್ಬಿಗಳ ಹಂಗಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ರಕ್ತಹೀನತೆಯನ್ನು ಗಮನಿಸಲೇಬೇಕು. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಓಡಲಾರೆ ಎನ್ನುವ ಹುಡುಗಿಯನ್ನು ಸೋಮಾರಿ ಎನ್ನುವ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ಮುಟ್ಟು ಶುರುವಾದ ಮೇಲೆ ಹಲವು ಹುಡುಗಿಯರು ಮೈದಾನ ಬಿಡುವುದಕ್ಕೆ ಸರಿಯಾದ ಒಳ ಉಡುಪು, ಶೌಚಾಲಯ, ಬಟ್ಟೆ ಬದಲಿಸುವ ಜಾಗ ಇಲ್ಲದಿರುವುದೂ ಕಾರಣ. ಇವು ದೊಡ್ಡವರು ಸರಿಪಡಿಸಬಹುದಾದ ಸಂಗತಿಗಳು.

ಶೂ ದುಬಾರಿಯದ್ದೇ ಆಗಬೇಕಿಲ್ಲ, ಅಳತೆ ಸರಿಯಿರಬೇಕು. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗವಿರಲಿ. ಕಾಲು ಬೇಗ ಬೆಳೆಯುವುದರಿಂದ ಮೂರು ನಾಲ್ಕು ತಿಂಗಳಿಗೊಮ್ಮೆ ನೋಡಬೇಕು. ಗಾಜಿನ ಚೂರು, ಮುಳ್ಳು ಇಲ್ಲದ ಮಣ್ಣಿನ ಮೈದಾನದಲ್ಲಿ ಬರಿಗಾಲಲ್ಲಿ ಓಡಿದರೂ ತೊಂದರೆಯಿಲ್ಲ. ರಸ್ತೆಯಲ್ಲಿ ಓಡಲೇಬೇಕಾದರೆ ಎದುರಿನ ವಾಹನ ಕಾಣುವ ಬದಿಯಲ್ಲಿ, ತಿಳಿ ಬಣ್ಣದ ಬಟ್ಟೆ ತೊಟ್ಟು, ಕಿವಿಗೆ ಇಯರ್‌ಫೋನ್ ಇಲ್ಲದೆ ಓಡಬೇಕು. ಬೀದಿನಾಯಿ ಬೆನ್ನಟ್ಟಿದರೆ ಓಟ ಹೆಚ್ಚಿಸದೆ ನಿಂತುಬಿಡುವುದನ್ನು ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿರಬೇಕು. ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ರೇಬಿಸ್ ಲಸಿಕೆ ಹಾಕಿಸಬೇಕು.

ಸ್ಪರ್ಧೆ ಬೇಡವೇ ಬೇಡ ಎಂದಲ್ಲ. ಹೋಬಳಿ, ತಾಲ್ಲೂಕು, ಜಿಲ್ಲಾ ಕ್ರೀಡಾಕೂಟಗಳಿಂದಲೇ ರಾಜ್ಯದ ಓಟಗಾರರು ಬೆಳಕಿಗೆ ಬರುವುದು. ಆದರೆ ಹನ್ನೆರಡನೆಯ ವಯಸ್ಸಿನಲ್ಲಿ ಗೆಲ್ಲುವವರು ಹೆಚ್ಚಾಗಿ ಬೇಗ ಎತ್ತರವಾದವರು. ಅವರೇ ಮುಂದೆಯೂ ಗೆಲ್ಲುತ್ತಾರೆಂಬ ಖಾತ್ರಿಯಿಲ್ಲ, ಸೋತವರಿಗೆ ಓಟ ಬರುವುದಿಲ್ಲವೆಂದೂ ಅಲ್ಲ. ಭಾರತೀಯ ಅಥ್ಲೆಟಿಕ್ಸ್ ಫೆಡರೇಷನ್ ತನ್ನ ಅಂತರ ಜಿಲ್ಲಾ ಕೂಟದಲ್ಲಿ 14ರೊಳಗಿನವರಿಗೆ ಒಂದೇ ಓಟದ ಬದಲು ಓಟ, ಜಿಗಿತ, ಎಸೆತಗಳನ್ನು ಕೂಡಿಸಿದ ಟ್ರಯತ್ಲಾನ್ ಇಟ್ಟಿರುವುದು ವಿವೇಕದ ಕ್ರಮ. ವಾರಕ್ಕೆ ಒಂದೆರಡು ದಿನ ಪೂರ್ಣ ವಿಶ್ರಾಂತಿ, ವರ್ಷದಲ್ಲಿ ಎರಡು ಮೂರು ತಿಂಗಳು ಬೇರೆ ಆಟ ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಶಾಲೆಗಳು ವಾರ್ಷಿಕ ಕ್ರೀಡಾಕೂಟದಲ್ಲಿ ಮೂವರಿಗಷ್ಟೇ ಪದಕ ಸಿಗುವ 100 ಮೀಟರ್ ಓಟವನ್ನು ಉಳಿಸಿಕೊಂಡರೂ, ತರಗತಿಯ ಪ್ರತಿ ಮಗುವೂ ಓಡಲೇಬೇಕಾದ ಒಂದು ರಿಲೇಯನ್ನು ಅದರ ಜೊತೆ ಸೇರಿಸಲಿ.