ನಿಮಗಿದು ಗೊತ್ತೇ? ಅಂಗನವಾಡಿ ಟೀಚರ್ ಮತ್ತು ಹಾಲುಹಲ್ಲು

ಬೆಂಗಳೂರಿನ ಕಾಮಾಕ್ಷಿಪಾಳ್ಯ, ಅಗ್ರಹಾರ ದಾಸರಹಳ್ಳಿ, ಕೆಂಗೇರಿ ಕಡೆಯ ದುಡಿಯುವ ಮನೆಗಳಲ್ಲಿ ಮಗುವನ್ನು ದಂತವೈದ್ಯರ ಬಳಿ ಕರೆದೊಯ್ಯುವುದು ಸಾಮಾನ್ಯವಾಗಿ ನೋವು ತಡೆಯಲಾರದೆ ಅತ್ತಾಗಲೇ. ಆದರೆ ಅದೇ ಮಗುವಿನ ಬಾಯನ್ನು ಅಂಗನವಾಡಿ ಟೀಚರ್ ದಿನಾ ನೋಡುತ್ತಾರೆ. ಹಲ್ಲಿನ ಪಾಠ ಮೊದಲು ಸಿಗಬೇಕಾದದ್ದು ಅವರಿಗೆ.

ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ದೇಶದ 33 ಕಡೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ.

ಹಾಲುಹಲ್ಲು ಒಟ್ಟು 20. "ಹೆಂಗಿದ್ರೂ ಬಿದ್ದೋಗೋ ಹಲ್ಲು, ಬಿಡಿ ಟೀಚರ್" ಎನ್ನುವ ತಾಯಂದಿರಿಗೆ ಹೇಳಬೇಕಾದ ಮಾತೊಂದಿದೆ: ಹಿಂದಿನ ಹಾಲುಹಲ್ಲುಗಳು 10–12 ವರ್ಷದವರೆಗೂ ಬಾಯಲ್ಲಿರುತ್ತವೆ. ಹುಳುಕಾಗಿ ಬೇಗ ಕೀಳಿಸಿದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಶಾಶ್ವತ ಹಲ್ಲು ಸೊಟ್ಟಗೆ ಬರುತ್ತದೆ.

ಆರನೇ ವರ್ಷದ ಹೊತ್ತಿಗೆ ಮೊದಲ ಶಾಶ್ವತ ದವಡೆಹಲ್ಲು ಹುಟ್ಟುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಬಂದು ನಿಲ್ಲುತ್ತದೆ. ಇದೂ ಹಾಲುಹಲ್ಲೇ ಎಂದುಕೊಂಡು ಎಷ್ಟೋ ಮನೆಗಳಲ್ಲಿ ಹುಳುಕಾಗಲು ಬಿಟ್ಟುಬಿಡುತ್ತಾರೆ. ಅದು ಹೋದರೆ ಮತ್ತೆ ಬರುವುದಿಲ್ಲ.

ಹಲ್ಲಿನ ತರಬೇತಿಯಲ್ಲಿ ಟೀಚರ್ ಕಲಿಯಲೇಬೇಕಾದದ್ದು ತುಟಿ ಎತ್ತಿ ನೋಡುವುದು. ಮಗುವನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಮೇಲ್ದುಟಿಯನ್ನು ಮೆಲ್ಲಗೆ ಎತ್ತಬೇಕು. ಒಸಡಿಗೆ ತಾಗಿದ ಕಡೆ ಸುಣ್ಣ ಎಳೆದಂಥ ಬಿಳಿ ಗೆರೆ ಕಂಡರೆ ಅದೇ ಹುಳುಕಿನ ಮೊದಲ ಗುರುತು. ಆ ಹಂತದಲ್ಲಿ ಸಿಹಿ ಕಡಿಮೆ ಮಾಡಿ, ಫ್ಲೋರೈಡ್ ಪೇಸ್ಟಿನಲ್ಲಿ ದಿನಕ್ಕೆರಡು ಸಲ ಉಜ್ಜಿದರೆ ಹುಳುಕು ಅಲ್ಲಿಗೇ ನಿಲ್ಲಬಹುದು. ಕಂದಾಗಿ ಗುಳಿ ಬಿದ್ದ ಮೇಲೆ ಉಜ್ಜಿ ಸರಿಪಡಿಸಲಾಗದು. ಟಾರ್ಚು, ಕನ್ನಡಿ ಏನೂ ಬೇಡದ ಈ ಪರೀಕ್ಷೆಯನ್ನು ತೂಕ ನೋಡುವ ದಿನವೇ ಮುಗಿಸಬಹುದು.

ಮೇಲಿನ ಮುಂಭಾಗದ ಹಲ್ಲುಗಳೇ ಮೊದಲು ಹಾಳಾಗುವುದೇಕೆ? ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಗು ಮಲಗಿದಾಗ ಕೆಳಗಿನ ಹಲ್ಲುಗಳನ್ನು ನಾಲಿಗೆ ಮುಚ್ಚಿರುತ್ತದೆ; ಮೇಲಿನವು ಹಾಲಿನಲ್ಲೇ ನೆನೆಯುತ್ತವೆ. ನಿದ್ದೆಯಲ್ಲಿ ಜೊಲ್ಲೂ ಕಡಿಮೆ.

ಹಲ್ಲು ಬರುವಾಗ ಜ್ವರ, ಭೇದಿ ಸಹಜ ಎಂಬುದು ಅಪಾಯದ ನಂಬಿಕೆ. ಹಲ್ಲು ಹುಟ್ಟುವುದರಿಂದ ಜೋರು ಜ್ವರವಾಗಲಿ ಭೇದಿಯಾಗಲಿ ಬರುವುದಿಲ್ಲ. ಭೇದಿಯಾದರೆ ಓಆರ್‌ಎಸ್ ಕೊಡಿ, ಡಾಕ್ಟರಿಗೆ ತೋರಿಸಿ.

ಪೇಸ್ಟ್ ಎಷ್ಟು? ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು. ಏಳೆಂಟು ವರ್ಷದವರೆಗೂ ದೊಡ್ಡವರೇ ಉಜ್ಜಿಸಬೇಕು.



ಸ್ಕಾಟ್ಲೆಂಡಿನಲ್ಲಿ 'ಚೈಲ್ಡ್‌ಸ್ಮೈಲ್' ಕಾರ್ಯಕ್ರಮದಡಿ ಶಿಶುವಿಹಾರದ ಸಿಬ್ಬಂದಿಯೇ ಮಕ್ಕಳಿಗೆ ದಿನಾ ಹಲ್ಲುಜ್ಜಿಸುತ್ತಾರೆ. ಅಷ್ಟು ದೂರ ಹೋಗುವುದೇ ಬೇಡ. ಚಂಡೀಗಢದಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳ ಹಲ್ಲಿನ ಮೇಲಿನ ಪಾಚಿ ಕಡಿಮೆಯಾಗಿತ್ತು. ನಮ್ಮ ರಾಜ್ಯ ಬಡ ಹಿರಿಯರಿಗೆ ಉಚಿತ ಹಲ್ಲುಸೆಟ್ಟಿನ 'ದಂತಭಾಗ್ಯ' ತಂದದ್ದು ಒಳ್ಳೆಯ ಕೆಲಸ. ಮೊಮ್ಮಕ್ಕಳ ಹಲ್ಲು ಉಳಿಸುವ ತರಬೇತಿಗೆ ಇನ್ನೂ ಕಡಿಮೆ ಖರ್ಚು ಸಾಕು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ (2013) ವೈದ್ಯರ ತಂಡ ಪ್ರತಿ ಅಂಗನವಾಡಿಗೂ ವರ್ಷಕ್ಕೆರಡು ಸಲ ಬರಬೇಕು. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲೂ ಇದೆ. ಬಿಳಿ ಗೆರೆ ಕಂಡ ಮಕ್ಕಳ ಹೆಸರನ್ನು ಟೀಚರ್ ಮೊದಲೇ ಬರೆದಿಟ್ಟಿದ್ದರೆ ಆ ಭೇಟಿಗೆ ಬೆಲೆ ಬರುತ್ತದೆ.

ಹುಳುಕು ಆಗಲೇ ಕಂಡಿದ್ದರೆ ಕೆಂಗೇರಿಯವರಿಗೆ ಕುಂಬಳಗೋಡಿನ ರಾಜರಾಜೇಶ್ವರಿ ದಂತ ವೈದ್ಯಕೀಯ ಕಾಲೇಜು ಹತ್ತಿರ. ರಾಜಾಜಿನಗರದವರು ಮೆಟ್ರೋ ಹಸಿರು ಮಾರ್ಗದಲ್ಲಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ವಿಕ್ಟೋರಿಯಾ ಆಸ್ಪತ್ರೆ ಬಳಿಯ ಸರ್ಕಾರಿ ದಂತ ಕಾಲೇಜಿಗೆ ಹೋಗಬಹುದು. ನೋವು ಬರುವವರೆಗೆ ಕಾಯಬೇಡಿ.